ದೋಷಗಳ ದಾಖಲೆ: ತಂತ್ರಾಂಶ ನಿರ್ಮಾಣದಲ್ಲಿ ತಪ್ಪುಗಳ ಗುರುತು, ವಿಂಗಡಣೆ ಮತ್ತು ಆದ್ಯತೆ

1. ಪ್ರವೇಶ

ಕನ್ನಡದಲ್ಲಿ ಇದುವರೆಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದಕ್ಕೆ ‘ದೋಷಾದೋಷಾನುವರ್ಣನ ನಿರ್ಣಯ’ ಎಂದು ಹೆಸರು. ಒಂಬತ್ತನೆಯ ಶತಮಾನದ ಈ ಲಕ್ಷಣಗ್ರಂಥವು ಶಬ್ದಾಲಂಕಾರ, ಅರ್ಥಾಲಂಕಾರಗಳ ವಿವೇಚನೆಗೆ ತೊಡಗುವ ಮುನ್ನವೇ ದೋಷದ ವಿಚಾರವನ್ನು ಕೈಗೆತ್ತಿಕೊಂಡಿರುವುದು ಗಮನಾರ್ಹವಾಗಿದೆ. ಪರಿಚ್ಛೇದದ ಹೆಸರಿನಲ್ಲಿ ದೋಷದೊಡನೆ ಅದೋಷವೂ ಇದೆ, ಎರಡರ ಕೊನೆಗೆ ನಿರ್ಣಯವೂ ಇದೆ. ಮೇಲುನೋಟಕ್ಕೆ ತಪ್ಪೆಂದು ತೋರಿದುದೆಲ್ಲ ತಪ್ಪಾಗಿರಬೇಕಾಗಿಲ್ಲ. ಯಾವುದು ತಪ್ಪು, ಯಾವುದು ತಪ್ಪಲ್ಲ ಎಂಬುದನ್ನು ಯಾರಾದರೂ ತೂಗಿ ನೋಡಿ ತೀರ್ಮಾನಿಸಬೇಕಾಗುತ್ತದೆ. ಕನ್ನಡ ವಿದ್ವತ್ತಿಗೆ ಇದು ಹೊಸ ಕೆಲಸವಲ್ಲ. ಹಸ್ತಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸುವ ಗ್ರಂಥಸಂಪಾದಕನೂ, ಅಚ್ಚಾದ ಪುಸ್ತಕದ ಕೊನೆಗೆ ಒಪ್ಪೋಲೆಯನ್ನು ಸೇರಿಸುವ ಪ್ರಕಾಶಕನೂ ಮಾಡುತ್ತ ಬಂದಿರುವುದು ಇದನ್ನೇ.

ಗಣಕಯುಗದಲ್ಲಿ ಇದೇ ಕೆಲಸ ಬೇರೊಂದು ಪ್ರಮಾಣದಲ್ಲಿ ನಡೆಯುತ್ತಿದೆ. ತಂತ್ರಾಂಶವೆಂಬುದು ಮನುಷ್ಯರು ಬರೆದ ಬರಹವೇ ಆದುದರಿಂದ ಅದರಲ್ಲಿಯೂ ತಪ್ಪುಗಳಿರುತ್ತವೆ. ಸಾವಿರಾರು ಜನ ಸೇರಿ ಬರೆದು, ಲಕ್ಷಾಂತರ ಜನ ಬಳಸುವ ಬರಹದಲ್ಲಿ ಆ ತಪ್ಪುಗಳನ್ನು ಹುಡುಕುವವರಾರು, ಬರೆದಿಡುವವರಾರು, ಮೊದಲು ಯಾವುದನ್ನು ತಿದ್ದಬೇಕೆಂದು ನಿರ್ಧರಿಸುವವರಾರು ಎಂಬ ಪ್ರಶ್ನೆಗಳು ಏಳುತ್ತವೆ. ಈ ಪ್ರಶ್ನೆಗಳಿಗೆ ತಂತ್ರಾಂಶ ನಿರ್ಮಾಪಕರು ಕಂಡುಕೊಂಡ ಉತ್ತರವನ್ನು ‘ಡೆಬಿಯನ್’ ಎಂಬ ಸಂಸ್ಥೆಯ ದೋಷದಾಖಲೆ ವ್ಯವಸ್ಥೆಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡ ಓದು ಬರಹಗಳ ಬಹುಭಾಗ ಇಂದು ಗಣಕವನ್ನು ಆಶ್ರಯಿಸಿರುವುದರಿಂದ ಈ ವ್ಯವಸ್ಥೆಯ ಪರಿಚಯ ಕನ್ನಡ ವಿದ್ಯಾರ್ಥಿಗಳಿಗೆ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ.

2. ‘ಬಗ್’ ಎಂಬ ಪದ ಮತ್ತು ದಾಖಲೆಯ ಅಗತ್ಯ

ತಂತ್ರಾಂಶದ ದೋಷಕ್ಕೆ ‘ಬಗ್’, ಅಂದರೆ ಹುಳ ಎಂಬ ಹೆಸರು ರೂಢಿಯಲ್ಲಿದೆ. ಈ ಅರ್ಥದ ಪ್ರಯೋಗ ಗಣಕಕ್ಕಿಂತ ಹಳೆಯದು. ಥಾಮಸ್ ಎಡಿಸನ್ 1878ರಲ್ಲಿ ಬರೆದ ಪತ್ರವೊಂದರಲ್ಲಿಯೇ ಹೊಸ ಯಂತ್ರಗಳಲ್ಲಿ ಕಾಣಿಸಿಕೊಳ್ಳುವ ಸಣ್ಣಪುಟ್ಟ ತೊಡಕುಗಳಿಗೆ ಈ ಪದವನ್ನು ಬಳಸಿದ್ದಾನೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಮಾರ್ಕ್-2’ ಗಣಕದ ರಿಲೇ ಒಂದರಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರು ಆ ಪತಂಗವನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಹುಳವೊಂದು ನಿಜವಾಗಿ ಕೈಗೆ ಸಿಕ್ಕ ಮೊದಲ ಪ್ರಸಂಗವಿದು ಎಂಬರ್ಥದ ವಿನೋದದ ಟಿಪ್ಪಣಿಯನ್ನು ಬರೆದರು. ಆ ದಿನಚರಿ ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಈ ಪ್ರಸಂಗವನ್ನು ಪದದ ಹುಟ್ಟಿನ ಕಥೆಯಾಗಿ ಹೇಳುವ ವಾಡಿಕೆ ಇದ್ದರೂ ಪದ ಅದಕ್ಕಿಂತ ಮೊದಲೇ ಇತ್ತೆಂಬುದು ಆ ವಿನೋದದಿಂದಲೇ ತಿಳಿಯುತ್ತದೆ. ಅದರ ನಿಜವಾದ ಮಹತ್ವ ಬೇರೆಡೆ ಇದೆ. ಹುಳವನ್ನು ತೆಗೆದು ಬಿಸಾಡಿ ಯಂತ್ರವನ್ನು ಮತ್ತೆ ನಡೆಸಿದ್ದರೆ ಕೆಲಸ ಸಾಗುತ್ತಿತ್ತು. ಆದರೆ ಅವರು ಮಧ್ಯಾಹ್ನ 3 ಗಂಟೆ 45 ನಿಮಿಷವೆಂದು ವೇಳೆಯನ್ನು ಬರೆದರು. ‘ಎಫ್’ ಫಲಕದ 70ನೆಯ ರಿಲೇ ಎಂದು ಸ್ಥಳವನ್ನು ನಮೂದಿಸಿದರು. ಕಾರಣವನ್ನು ಪುಟಕ್ಕೇ ಅಂಟಿಸಿದರು. ಯಾವಾಗ, ಎಲ್ಲಿ, ಏನು ಎಂಬ ಮೂರಕ್ಕೂ ಉತ್ತರವಿರುವ ದಾಖಲೆ ಅಲ್ಲಿ ಸಿದ್ಧವಾಯಿತು.

ಒಬ್ಬನೇ ಬರೆದು ಒಬ್ಬನೇ ಬಳಸುವ ತಂತ್ರಾಂಶಕ್ಕೆ ನೆನಪು ಸಾಕಾಗಬಹುದು. ಕೆಲಸ ಮಾಡುವವರು ಹಲವರಾದೊಡನೆ ನೆನಪು ಸಾಲದಾಗುತ್ತದೆ. ಒಂದೇ ದೋಷವನ್ನು ಹತ್ತು ಜನ ಹತ್ತು ಬಗೆಯಾಗಿ ವರ್ಣಿಸುತ್ತಾರೆ. ಒಬ್ಬರು ತಿದ್ದಿದುದನ್ನು ಇನ್ನೊಬ್ಬರು ಅರಿಯದೆ ಮತ್ತೆ ತಿದ್ದಹೊರಡುತ್ತಾರೆ. ಬೇರೆಯವರು ನೋಡಿಕೊಳ್ಳುತ್ತಾರೆಂದು ಎಲ್ಲರೂ ಭಾವಿಸಿ ಯಾರೂ ನೋಡದೆ ಬಿಟ್ಟ ದೋಷಗಳೂ ಉಳಿಯುತ್ತವೆ. ಆದುದರಿಂದ ಪ್ರತಿಯೊಂದು ದೋಷಕ್ಕೂ ಒಂದು ಸಂಖ್ಯೆ, ಒಬ್ಬ ಹೊಣೆಗಾರ ಮತ್ತು ಒಂದು ಸ್ಥಿತಿ ಇರಬೇಕೆಂಬ ನಿಯಮ ರೂಪುಗೊಂಡಿತು. ನ್ಯಾಯಾಲಯದಲ್ಲಿ ಮೊಕದ್ದಮೆಗೆ ಸಂಖ್ಯೆ ಬಿದ್ದ ಮೇಲೆ ಅದು ವಾದಿಯ ಸ್ವಂತ ಅಳಲಾಗಿ ಉಳಿಯದೆ ಸಾರ್ವಜನಿಕ ಕಡತವಾಗುವಂತೆ, ಸಂಖ್ಯೆ ಪಡೆದ ದೋಷವೂ ತಂಡದ ಸೊತ್ತಾಗುತ್ತದೆ.

3. ಡೆಬಿಯನ್: ಒಂದು ದೋಷದ ಪ್ರಯಾಣ

ಡೆಬಿಯನ್ ಎಂಬುದು ಲಿನಕ್ಸ್ ಆಧಾರಿತವಾದ, ಯಾರಾದರೂ ಉಚಿತವಾಗಿ ಪಡೆದು ಬಳಸಿ ತಿದ್ದಬಹುದಾದ ತಂತ್ರಾಂಶಗಳ ಒಂದು ದೊಡ್ಡ ಸಂಗ್ರಹ. 1993ರಲ್ಲಿ ಇಯಾನ್ ಮರ್ಡಾಕ್ ಇದನ್ನು ಆರಂಭಿಸಿದನು. ಜಗತ್ತಿನ ಹಲವು ದೇಶಗಳ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. ಸಂಗ್ರಹದಲ್ಲಿರುವ ಬಿಡಿ ತಂತ್ರಾಂಶಗಳಿಗೆ ‘ಪ್ಯಾಕೇಜ್’ ಎಂದು ಹೆಸರು. ಪ್ರತಿಯೊಂದು ಪ್ಯಾಕೇಜಿಗೂ ಒಬ್ಬ ಪಾಲಕ ಅಥವಾ ಪಾಲಕರ ತಂಡ ಇರುತ್ತದೆ. ಮೂಲ ತಂತ್ರಾಂಶವನ್ನು ಬರೆದವರು ಬೇರೆ, ಅದನ್ನು ಡೆಬಿಯನ್ನಿಗೆ ಹೊಂದಿಸಿ ಕೊಡುವ ಪಾಲಕರು ಬೇರೆ. ಕವಿಗೂ ಅವನ ಕೃತಿಯನ್ನು ಸಂಪಾದಿಸಿ ಪ್ರಕಟಿಸುವ ವಿದ್ವಾಂಸನಿಗೂ ಇರುವ ಸಂಬಂಧದಂತಹುದು ಇದು.

ಸಂಸ್ಥೆಯ ದೋಷದಾಖಲೆ ವ್ಯವಸ್ಥೆಯನ್ನು 1994ರಲ್ಲಿ ಇಯಾನ್ ಜಾಕ್ಸನ್ ರೂಪಿಸಿದನು. ಇದು ಇ-ಮೇಲ್ ಮೂಲಕ ನಡೆಯುತ್ತದೆ. 1997ರಲ್ಲಿ ಸಂಸ್ಥೆ ಅಂಗೀಕರಿಸಿದ ‘ಸಾಮಾಜಿಕ ಒಪ್ಪಂದ’ದಲ್ಲಿ ದೋಷಗಳನ್ನು ಮುಚ್ಚಿಡುವುದಿಲ್ಲ, ದೋಷಗಳ ಇಡೀ ಕಡತ ಎಲ್ಲ ಕಾಲಕ್ಕೂ ಸಾರ್ವಜನಿಕರಿಗೆ ತೆರೆದಿರುತ್ತದೆ ಎಂಬ ವಾಗ್ದಾನವೂ ಸೇರಿದೆ. ತನ್ನ ಸರಕಿನ ತಪ್ಪುಗಳ ಪಟ್ಟಿಯನ್ನು ತಾನೇ ಊರಿಗೆಲ್ಲ ತೋರಿಸುವುದು ವ್ಯಾಪಾರದ ಲೋಕಕ್ಕೆ ವಿಚಿತ್ರವಾಗಿ ಕಂಡೀತು. ವಿದ್ವತ್ತಿನ ಲೋಕಕ್ಕೆ ಹಾಗೆ ಕಾಣಬೇಕಾಗಿಲ್ಲ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದ ಸಂಪಾದಿತ ಕೃತಿಗಿಂತ, ಸಂದೇಹಾಸ್ಪದವಾದ ಸ್ಥಳಗಳನ್ನೆಲ್ಲ ತೋರಿಸಿಕೊಟ್ಟ ಕೃತಿಯನ್ನೇ ವಿದ್ವಾಂಸರು ನಂಬುತ್ತಾರೆ.

ಬಳಕೆದಾರನೊಬ್ಬ ದೋಷವನ್ನು ಕಂಡನೆಂದು ಭಾವಿಸಬಹುದು. ಅವನು ಪ್ಯಾಕೇಜಿನ ಹೆಸರು, ಅದರ ಆವೃತ್ತಿಯ ಸಂಖ್ಯೆ ಮತ್ತು ದೋಷದ ವಿವರಣೆಯನ್ನು ನಿಗದಿಯಾದ ವಿಳಾಸಕ್ಕೆ ಬರೆದು ಕಳುಹಿಸುತ್ತಾನೆ. ವ್ಯವಸ್ಥೆ ಅದಕ್ಕೊಂದು ಸಂಖ್ಯೆಯನ್ನು ಕೊಟ್ಟು ಪಾಲಕನಿಗೆ ತಲುಪಿಸುತ್ತದೆ. ಅಲ್ಲಿಂದ ಮುಂದೆ ಆ ದೋಷದ ಬಗ್ಗೆ ನಡೆಯುವ ಪತ್ರವ್ಯವಹಾರವೆಲ್ಲ ಆ ಸಂಖ್ಯೆಯ ಅಡಿಯಲ್ಲಿ ಕ್ರಮವಾಗಿ ಸೇರುತ್ತ ಹೋಗುತ್ತದೆ. ಪಾಲಕನು ವರದಿಯನ್ನು ಓದಿ ಅದಕ್ಕೆ ಗುರುತುಗಳನ್ನು ಹಚ್ಚುತ್ತಾನೆ: ದೃಢಪಟ್ಟಿದೆ, ಹೆಚ್ಚಿನ ವಿವರ ಬೇಕು, ಮತ್ತೆ ಕಾಣಿಸಿಕೊಳ್ಳುತ್ತಿಲ್ಲ, ಪರಿಹಾರ ಲಗತ್ತಿಸಿದೆ, ತಿದ್ದಲಾಗುವುದಿಲ್ಲ ಇತ್ಯಾದಿ. ಒಂದೇ ದೋಷದ ಬಗ್ಗೆ ಎರಡು ವರದಿಗಳು ಬಂದಿದ್ದರೆ ಅವುಗಳನ್ನು ಕೂಡಿಸುತ್ತಾನೆ. ತಪ್ಪು ಮೂಲ ತಂತ್ರಾಂಶದಲ್ಲಿಯೇ ಇದ್ದರೆ ಅದನ್ನು ಬರೆದವರಿಗೆ ಕಳುಹಿಸಿ, ಹಾಗೆ ಕಳುಹಿಸಿದ ಸಂಗತಿಯನ್ನೂ ದಾಖಲಿಸುತ್ತಾನೆ. ತಿದ್ದಿದ ಬಳಿಕ ಕಡತವನ್ನು ಮುಚ್ಚುತ್ತಾನೆ. ವರದಿ ಮಾಡಿದವನಿಗೆ ತೃಪ್ತಿಯಾಗದಿದ್ದರೆ ಅದನ್ನು ಮತ್ತೆ ತೆರೆಯಲು ಅವಕಾಶವಿದೆ. ಮುಚ್ಚಿದ ಮೇಲೆ 28 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಕಡತ ಸಂಗ್ರಹಾಗಾರಕ್ಕೆ ಸೇರುತ್ತದೆ. ಅಲ್ಲಿಯೂ ಅದನ್ನು ಯಾರು ಬೇಕಾದರೂ ಓದಬಹುದು.

4. ವರದಿಯ ಲಕ್ಷಣ

ಈ ಪ್ರಯಾಣದ ಸುಖದುಃಖಗಳು ಬಹುಮಟ್ಟಿಗೆ ಮೊದಲ ವರದಿಯನ್ನು ಅವಲಂಬಿಸಿವೆ. ‘ಕನ್ನಡ ಸರಿಯಾಗಿ ಮೂಡುತ್ತಿಲ್ಲ’ ಎಂಬುದು ದೂರು, ಅದು ವರದಿಯಲ್ಲ. ದೂರದ ದೇಶದಲ್ಲಿರುವ, ಕನ್ನಡ ಲಿಪಿಯ ಪರಿಚಯವೇ ಇಲ್ಲದ ಪಾಲಕನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಒಳ್ಳೆಯ ವರದಿಯಲ್ಲಿ ನಾಲ್ಕು ಅಂಗಗಳಿರಬೇಕು: ಯಾವ ಪರಿಸರದಲ್ಲಿ ದೋಷ ಕಂಡಿತು, ಏನೇನು ಮಾಡಿದರೆ ಅದು ಮತ್ತೆ ಕಾಣಿಸುತ್ತದೆ, ಕಾಣಬೇಕಾದುದೇನು, ಕಂಡುದೇನು.

ಒಂದು ಉದಾಹರಣೆಯನ್ನು ನೋಡಬಹುದು. ಕನ್ನಡದಲ್ಲಿ ರಕಾರ ಇನ್ನೊಂದು ವ್ಯಂಜನಕ್ಕೆ ಮೊದಲು ಬಂದಾಗ ಸಾಮಾನ್ಯವಾಗಿ ಅರ್ಕಾವತ್ತಾಗಿ ಬರೆಯಲ್ಪಡುತ್ತದೆ. ‘ಸೂರ್ಯ’ ಎಂಬಲ್ಲಿ ಹೀಗಿದೆ. ‘ರ‍್ಯಾಂಕ್’ ಎಂಬಲ್ಲಿ ಹಾಗಾಗದೆ ರಕಾರ ಪೂರ್ಣರೂಪದಲ್ಲಿ ನಿಂತು ಯಕಾರ ಒತ್ತಾಗಬೇಕು. ಯೂನಿಕೋಡ್ ನಿಯಮದ ಪ್ರಕಾರ ಇದಕ್ಕಾಗಿ ರಕಾರಕ್ಕೂ ವಿರಾಮಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವನ್ನು ಇಡಬೇಕಾಗುತ್ತದೆ. ಯಾವುದಾದರೊಂದು ತಂತ್ರಾಂಶ ಇದನ್ನು ಪಾಲಿಸದಿದ್ದರೆ, ‘ಇಂತಹ ಆವೃತ್ತಿಯಲ್ಲಿ, ಇಂತಹ ಅಕ್ಷರವಿನ್ಯಾಸವನ್ನು ಆರಿಸಿ, ಈ ನಾಲ್ಕು ಸಂಕೇತಗಳನ್ನು ಈ ಕ್ರಮದಲ್ಲಿ ಒತ್ತಿದರೆ, ಒತ್ತಕ್ಷರ ಬರಬೇಕಾದಲ್ಲಿ ಅರ್ಕಾವತ್ತು ಬರುತ್ತದೆ’ ಎಂದು ಬರೆದು ಎರಡು ರೂಪಗಳ ಚಿತ್ರವನ್ನೂ ಲಗತ್ತಿಸಿದಾಗ ಅದು ವರದಿಯಾಗುತ್ತದೆ. ಕನ್ನಡ ಬಾರದ ಪಾಲಕನೂ ಅದನ್ನು ಪರೀಕ್ಷಿಸಿ ನೋಡಬಲ್ಲ. ಇಂತಹ ವರದಿಯನ್ನು ಬರೆಯಲು ಗಣಕವಿಜ್ಞಾನದ ಪದವಿ ಬೇಕಾಗಿಲ್ಲ. ಲಿಪಿಯ ನಿಯಮಗಳನ್ನು ಬಲ್ಲ ಭಾಷಾವಿದ್ಯಾರ್ಥಿಯೇ ಇದಕ್ಕೆ ಹೆಚ್ಚು ಅರ್ಹ.

ದೋಷವನ್ನು ಮತ್ತೆ ಕಾಣಿಸುವಂತೆ ಮಾಡುವ ಕ್ರಮಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ‘ಥೆರಾಕ್-25’ ಎಂಬ ವಿಕಿರಣ ಚಿಕಿತ್ಸಾಯಂತ್ರದ ದುರಂತ ತೋರಿಸಿಕೊಟ್ಟಿತು. 1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಪ್ರಸಂಗಗಳಲ್ಲಿ ಈ ಯಂತ್ರ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ನೀಡಿತು. ಅದರಿಂದ ಸಾವುಗಳು ಸಂಭವಿಸಿದವು. ಟೆಕ್ಸಾಸಿನ ಟೈಲರ್ ನಗರದ ಆಸ್ಪತ್ರೆಯಲ್ಲಿ 1986ರ ಮಾರ್ಚ್ ತಿಂಗಳಲ್ಲಿ ಅಪಘಾತವಾದಾಗ ಯಂತ್ರದ ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂಬ ಸೂಚನೆ ಮಾತ್ರ ಕಾಣಿಸಿತ್ತು. ತಯಾರಕರ ಎಂಜಿನಿಯರುಗಳು ಬಂದು ಪರೀಕ್ಷಿಸಿದರೂ ದೋಷ ಮತ್ತೆ ಕಾಣಿಸಿಕೊಳ್ಳಲಿಲ್ಲ. ಯಂತ್ರ ಕೆಲಸಕ್ಕೆ ಮರಳಿತು. ಏಪ್ರಿಲ್‌ನಲ್ಲಿ ಅಲ್ಲಿಯೇ ಎರಡನೆಯ ಅಪಘಾತವಾಯಿತು. ಆಗ ಆ ಆಸ್ಪತ್ರೆಯ ಭೌತವಿಜ್ಞಾನಿಯೂ ಯಂತ್ರವನ್ನು ನಡೆಸುತ್ತಿದ್ದವರೂ ಕುಳಿತು, ನಡೆದುದನ್ನು ಹೆಜ್ಜೆಹೆಜ್ಜೆಯಾಗಿ ಮತ್ತೆ ಮತ್ತೆ ಮಾಡಿ ನೋಡಿದರು. ಚಿಕಿತ್ಸೆಯ ವಿವರಗಳನ್ನು ತಪ್ಪಾಗಿ ಒತ್ತಿ, ಕೂಡಲೇ ಬಹು ಬೇಗನೆ ತಿದ್ದಿದಾಗ ಮಾತ್ರ ದೋಷ ಕಾಣಿಸುತ್ತದೆ ಎಂಬುದು ಆಗ ಗೊತ್ತಾಯಿತು. ನಿಧಾನವಾಗಿ ಒತ್ತಿ ಪರೀಕ್ಷಿಸುವವರಿಗೆ ಅದು ಕಾಣಿಸುವಂತಿರಲಿಲ್ಲ. ‘ಮತ್ತೆ ಕಾಣಿಸುತ್ತಿಲ್ಲ’ ಎಂದು ಕಡತವನ್ನು ಮುಚ್ಚುವ ಮುನ್ನ, ನೋಡಬೇಕಾದಂತೆ ನೋಡಲಾಗಿದೆಯೇ ಎಂದು ಕೇಳಿಕೊಳ್ಳಬೇಕೆಂಬ ಪಾಠವನ್ನು ತಂತ್ರಾಂಶಲೋಕ ಕಲಿತ ಪ್ರಸಂಗಗಳಲ್ಲಿ ಇದು ಮುಖ್ಯವಾದುದು.

5. ತೀವ್ರತೆ ಮತ್ತು ಆದ್ಯತೆ

ವರದಿಗಳು ಸಾವಿರಗಟ್ಟಲೆ ಸೇರಿದಾಗ ಎಲ್ಲವನ್ನೂ ಒಟ್ಟಿಗೆ ತಿದ್ದುವುದು ಅಸಾಧ್ಯ. ಆಗ ವಿಂಗಡಣೆ ಅನಿವಾರ್ಯವಾಗುತ್ತದೆ. ಡೆಬಿಯನ್ ದೋಷಗಳನ್ನು ತೀವ್ರತೆಗೆ ಅನುಗುಣವಾಗಿ ಏಳು ಮೆಟ್ಟಿಲುಗಳಲ್ಲಿ ಇರಿಸುತ್ತದೆ. ಇಡೀ ಗಣಕವನ್ನೋ ಸಂಬಂಧವಿಲ್ಲದ ಬೇರೆ ತಂತ್ರಾಂಶಗಳನ್ನೋ ಕೆಡಿಸುವ, ಗಂಭೀರ ಪ್ರಮಾಣದಲ್ಲಿ ಮಾಹಿತಿಯನ್ನು ನಾಶಮಾಡುವ ದೋಷ ಮೊದಲನೆಯದು. ಆ ಪ್ಯಾಕೇಜನ್ನೇ ನಿರುಪಯುಕ್ತವಾಗಿಸುವುದು ಎರಡನೆಯದು. ಸಂಸ್ಥೆಯ ನಿಯಮಗಳನ್ನು ತೀವ್ರವಾಗಿ ಉಲ್ಲಂಘಿಸುವುದು ಅಥವಾ ಪಾಲಕರ ದೃಷ್ಟಿಯಲ್ಲಿ ಬಿಡುಗಡೆಗೆ ಅನರ್ಹವೆನಿಸುವುದು ಮೂರನೆಯದು. ಬಳಕೆಗೆ ದೊಡ್ಡ ಅಡ್ಡಿಯಾದರೂ ಎಲ್ಲರಿಗೂ ಪೂರ್ತಿ ನಿರುಪಯುಕ್ತವಾಗಿಸದಿರುವುದು ನಾಲ್ಕನೆಯದು. ಸಾಮಾನ್ಯ ದೋಷ ಐದನೆಯದು, ಚಿಲ್ಲರೆ ದೋಷ ಆರನೆಯದು. ಏಳನೆಯದು ದೋಷವೇ ಅಲ್ಲ. ಅದು ಹೀಗಿದ್ದರೆ ಚೆನ್ನಾಗಿತ್ತು ಎಂಬ ಬಯಕೆ. ಮೊದಲ ಮೂರು ಮೆಟ್ಟಿಲುಗಳ ದೋಷಗಳು ಬಿಡುಗಡೆಗೆ ಅಡ್ಡಿಯೆಂದು ಪರಿಗಣಿತವಾಗುತ್ತವೆ. ಅಂತಹ ದೋಷವುಳ್ಳ ಪ್ಯಾಕೇಜನ್ನು ತಿದ್ದಬೇಕು, ಇಲ್ಲವೇ ಮುಂಬರುವ ಆವೃತ್ತಿಯಿಂದ ಹೊರಗಿಡಬೇಕು.

ಇಲ್ಲಿ ಎರಡು ಪರಿಕಲ್ಪನೆಗಳ ನಡುವಣ ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತೀವ್ರತೆಯೆಂದರೆ ದೋಷದಿಂದ ಆಗುವ ಹಾನಿಯ ಪ್ರಮಾಣ. ಆದ್ಯತೆಯೆಂದರೆ ಅದನ್ನು ತಿದ್ದುವ ಸರದಿ. ಮೊದಲನೆಯದು ದೋಷದ ಗುಣ, ಎರಡನೆಯದು ತಂಡದ ತೀರ್ಮಾನ. ನಿಘಂಟಿನ ಮುಖಪುಟದಲ್ಲಿ ಸಂಪಾದಕರ ಹೆಸರು ತಪ್ಪಾಗಿ ಅಚ್ಚಾಗಿದ್ದರೆ ನಿಘಂಟಿನ ಉಪಯೋಗಕ್ಕೆ ಹಾನಿಯಿಲ್ಲ. ಆದರೂ ಅದನ್ನು ಎಲ್ಲಕ್ಕಿಂತ ಮೊದಲು ತಿದ್ದಬೇಕಾಗುತ್ತದೆ. ಒಂದು ಅಪರೂಪದ ಪದದ ಅರ್ಥವೇ ತಲೆಕೆಳಗಾಗಿದ್ದರೆ ಹಾನಿ ಗಂಭೀರವಾದುದು, ಆದರೆ ಮುಂದಿನ ಮುದ್ರಣದವರೆಗೆ ಕಾಯಬಹುದೆಂದು ಸಂಪಾದಕ ಮಂಡಳಿ ಭಾವಿಸಬಹುದು. ನೆಟ್‌ಸ್ಕೇಪ್ ತನ್ನ ಬ್ರೌಸರಿನ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಿದ 1998ರಲ್ಲಿ ಟೆರ್ರಿ ವೈಸ್‌ಮನ್ ಸಿದ್ಧಪಡಿಸಿದ ‘ಬಗ್‌ಜಿಲ್ಲಾ’ ಎಂಬ ವ್ಯವಸ್ಥೆಯಲ್ಲಿ ತೀವ್ರತೆಗೊಂದು, ಆದ್ಯತೆಗೊಂದು ಎಂದು ಬೇರೆಬೇರೆ ಅಂಕಣಗಳಿರುವುದು ಈ ಭೇದದ ಕಾರಣದಿಂದಲೇ. ಡೆಬಿಯನ್ನಿನಲ್ಲಿ ಆದ್ಯತೆಯ ಪ್ರತ್ಯೇಕ ಅಂಕಣವಿಲ್ಲ. ಬಿಡುಗಡೆಗೆ ಅಡ್ಡಿಯಾಗುವ ಮೂರು ಮೆಟ್ಟಿಲುಗಳನ್ನು ಬಿಟ್ಟರೆ ಉಳಿದವುಗಳ ಸರದಿಯನ್ನು ಪಾಲಕರು ತಮ್ಮ ವಿವೇಚನೆಯಿಂದ ನಿರ್ಧರಿಸುತ್ತಾರೆ.

ನಾಲ್ಕನೆಯ ಮೆಟ್ಟಿಲಿನ ನಿರೂಪಣೆಯಲ್ಲಿರುವ ‘ಎಲ್ಲರಿಗೂ’ ಎಂಬ ಪದ ಗಮನಕ್ಕೆ ಯೋಗ್ಯವಾದುದು. ಒಂದು ಬರವಣಿಗೆಯ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ಚೆದುರಿ ಕಾಣಿಸುತ್ತವೆ ಎಂದಿಟ್ಟುಕೊಂಡರೆ, ಕನ್ನಡದಲ್ಲಿ ಬರೆಯುವವರ ಪಾಲಿಗೆ ಅದು ಸಂಪೂರ್ಣ ನಿರುಪಯುಕ್ತ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದೇ ತಂತ್ರಾಂಶ ಸರಿಯಾಗಿಯೇ ಇದೆ. ನಿರೂಪಣೆಯನ್ನು ಅಕ್ಷರಶಃ ಅನ್ವಯಿಸಿದರೆ ಈ ದೋಷ ನಾಲ್ಕನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತದೆ. ಬಿಡುಗಡೆಗೆ ಅದು ಅಡ್ಡಿಯಾಗುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಆದ್ಯತೆಯ ಪಟ್ಟಿ ತಾಂತ್ರಿಕ ಲೆಕ್ಕಾಚಾರದಂತೆ ತೋರಿದರೂ ಯಾರ ತೊಂದರೆಗೆ ಎಷ್ಟು ತೂಕ ಎಂಬ ತೀರ್ಮಾನವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ ಎಂಬುದು ಇದರಿಂದ ವಿದಿತವಾಗುತ್ತದೆ.

6. ವ್ಯವಸ್ಥೆಯ ಮಿತಿಗಳು

ದೋಷಗಳು ತೀರಿದ ಮೇಲೆಯೇ ಬಿಡುಗಡೆ ಎಂಬ ನಿಲುವಿಗೆ ತೆರಬೇಕಾದ ಬೆಲೆಯೂ ಇದೆ. ಡೆಬಿಯನ್ನಿನ 3.0 ಆವೃತ್ತಿ 2002ರ ಜುಲೈಯಲ್ಲಿ ಹೊರಬಂದಿತು, ಮುಂದಿನ 3.1 ಆವೃತ್ತಿಗೆ 2005ರ ಜೂನ್‌ವರೆಗೆ ಕಾಯಬೇಕಾಯಿತು. ಈ ಸುಮಾರು ಮೂರು ವರ್ಷಗಳ ಅವಧಿಯಲ್ಲಿ ಬಳಕೆದಾರರು ಹಳೆಯ ತಂತ್ರಾಂಶಗಳಲ್ಲಿಯೇ ದಿನ ದೂಡಬೇಕಾಯಿತು. ಸ್ವಯಂಸೇವಕರು ಒಂದೆಡೆ ಸೇರಿ ಬಿಡುಗಡೆಗೆ ಅಡ್ಡಿಯಾದ ದೋಷಗಳನ್ನು ಒಟ್ಟಾಗಿ ತಿದ್ದುವ ಕೂಟಗಳೂ, ಪಾಲಕನು ಸುಮ್ಮನಿದ್ದರೆ ಇತರರು ತಿದ್ದಿ ಕಳುಹಿಸಲು ಅನುವು ಮಾಡಿಕೊಡುವ ನಿಯಮಗಳೂ ಇಂತಹ ವಿಳಂಬಕ್ಕೆ ಪರಿಹಾರವಾಗಿ ಬಳಕೆಯಲ್ಲಿವೆ. ಒಬ್ಬನ ಹೊಣೆ ಎಂಬುದು ಒಬ್ಬನ ಒಡೆತನವಾಗಬಾರದು ಎಂಬ ವಿವೇಕ ಈ ನಿಯಮಗಳ ಹಿಂದಿದೆ.

ಇನ್ನೊಂದು ಮಿತಿ ಇದಕ್ಕಿಂತ ಸೂಕ್ಷ್ಮವಾದುದು. ಗೋಪ್ಯಲಿಪಿಯ ಕೀಲಿಗಳನ್ನು ಸಿದ್ಧಪಡಿಸುವ ‘ಓಪನ್ ಎಸ್ಎಸ್ಎಲ್’ ಎಂಬ ತಂತ್ರಾಂಶದ ಬಗ್ಗೆ 2006ರಲ್ಲಿ ಡೆಬಿಯನ್ನಿಗೆ ಒಂದು ವರದಿ ಬಂದಿತು. ತಪ್ಪು ಹುಡುಕುವ ಸಾಧನವೊಂದು ಆ ತಂತ್ರಾಂಶದ ಕೆಲವು ಸಾಲುಗಳ ಬಗ್ಗೆ ಎಚ್ಚರಿಕೆ ನೀಡುತ್ತಿದೆ, ಅಲ್ಲಿ ಮೊದಲ ಬೆಲೆಯನ್ನೇ ಕೊಡದ ಸ್ಮೃತಿಯನ್ನು ಬಳಸಲಾಗುತ್ತಿದೆ ಎಂಬುದು ವರದಿಯ ಸಾರ. ಎಚ್ಚರಿಕೆ ನಿಲ್ಲಲೆಂದು ಎರಡು ಸಾಲುಗಳನ್ನು ತೆಗೆಯಲಾಯಿತು. ಅವುಗಳಲ್ಲಿ ಒಂದು ಸಾಲು ಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುವುದಕ್ಕೆ ಅತ್ಯಗತ್ಯವಾಗಿತ್ತು. ಅದನ್ನು ತೆಗೆದ ಪರಿಣಾಮವಾಗಿ ಒಂದೊಂದು ಬಗೆಯ ಗಣಕದಲ್ಲಿ ಒಂದೊಂದು ಬಗೆಯ ಕೀಲಿಗೆ ಉಳಿದ ಸಾಧ್ಯತೆಗಳು ಸುಮಾರು 32,000 ಮಾತ್ರ. ಗಣಕಕ್ಕೆ ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸಿ ನೋಡುವುದು ಕಷ್ಟವಲ್ಲ. ಈ ದೋಷ 2008ರ ಮೇ 13ರಂದು ಪ್ರಕಟವಾಗುವವರೆಗೆ ಯಾರ ಗಮನಕ್ಕೂ ಬಾರದೆ ಉಳಿಯಿತು. ಅಷ್ಟರೊಳಗೆ ಡೆಬಿಯನ್ನಿನಲ್ಲಿಯೂ ಅದನ್ನು ಆಧರಿಸಿದ ಉಬುಂಟು ಮುಂತಾದ ವ್ಯವಸ್ಥೆಗಳಲ್ಲಿಯೂ ಸಿದ್ಧವಾಗಿದ್ದ ಕೀಲಿಗಳನ್ನೆಲ್ಲ ಬದಲಾಯಿಸಬೇಕಾಯಿತು.

ಗ್ರಂಥಸಂಪಾದನಶಾಸ್ತ್ರವನ್ನು ಓದಿದವರಿಗೆ ಈ ಪ್ರಸಂಗ ಪರಿಚಿತವಾಗಿಯೇ ತೋರುತ್ತದೆ. ಮೂಲದ ಕ್ಲಿಷ್ಟಪಾಠ ಅರ್ಥವಾಗದಾಗ ಲಿಪಿಕಾರನು ಅದನ್ನು ತಪ್ಪೆಂದು ಬಗೆದು ಸರಳಪಾಠವನ್ನು ಸೇರಿಸುತ್ತಾನೆ. ಓದಲು ಅದು ಸುಗಮವಾಗಿರುತ್ತದೆ; ಆದರೆ ಕವಿಯ ಮಾತು ಅಲ್ಲಿಗೆ ಕಳೆದುಹೋಗುತ್ತದೆ. ಆದುದರಿಂದಲೇ ಕ್ಲಿಷ್ಟಪಾಠಕ್ಕೆ ಮನ್ನಣೆಯಿರಬೇಕೆಂಬ ಸೂತ್ರವನ್ನು ಸಂಪಾದಕರು ಪಾಲಿಸುತ್ತ ಬಂದಿದ್ದಾರೆ. ಓಪನ್ ಎಸ್ಎಸ್ಎಲ್ ಪ್ರಸಂಗದಲ್ಲಿ ನಡೆದುದೂ ಅದೋಷವನ್ನು ದೋಷವೆಂದು ತಿದ್ದಿದ ಕಾರ್ಯವೇ. ಹಾಗಿದ್ದರೂ ಅಲ್ಲಿ ದಾಖಲೆಯ ವ್ಯವಸ್ಥೆ ಒಂದು ಉಪಕಾರವನ್ನು ಮಾಡಿತು. ಯಾವ ವರದಿಯ ಕಾರಣದಿಂದ, ಯಾವಾಗ, ಯಾವ ಸಾಲುಗಳು ಬದಲಾದುವು ಎಂಬುದೆಲ್ಲ ತೆರೆದ ಕಡತದಲ್ಲಿದ್ದುದರಿಂದ ತಪ್ಪಿನ ಮೂಲವನ್ನು ನಿಖರವಾಗಿ ತೋರಿಸುವುದು ಸಾಧ್ಯವಾಯಿತು. ದಾಖಲೆ ತಪ್ಪನ್ನು ತಡೆಯಲಾರದೆ ಹೋದರೂ ತಪ್ಪಿನ ಇತಿಹಾಸವನ್ನು ಉಳಿಸಿಕೊಡುತ್ತದೆ.

7. ಕನ್ನಡದ ಸಂದರ್ಭ

ಲಿಪಿಗೆ ಸಂಬಂಧಿಸಿದ ದೋಷಗಳ ಗತಿಯನ್ನು ಗಮನಿಸಿದರೆ ಈ ವಿವೇಚನೆ ಕನ್ನಡಕ್ಕೆ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತಸಂಖ್ಯೆಯನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಹಳಗನ್ನಡದ ‘ೞ’ ಅಕ್ಷರಕ್ಕೆ ಸ್ಥಾನವಿದೆ. ಆದರೆ ಅದರ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫ’ ಎಂದಿದೆ. ಅಕ್ಷರ ಸರಿಯಾಗಿದೆ, ಹೆಸರು ಮಾತ್ರ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬ ನಿಯಮ ಯೂನಿಕೋಡಿನಲ್ಲಿರುವುದರಿಂದ ಈ ಹೆಸರು ತಪ್ಪೆಂದು ಎಲ್ಲರೂ ಒಪ್ಪಿದ ಮೇಲೆಯೂ ಹಾಗೆಯೇ ಉಳಿದಿದೆ. ಹೆಸರುಗಳನ್ನು ನಂಬಿ ಬರೆದ ತಂತ್ರಾಂಶಗಳು ಕೆಡಬಾರದೆಂಬುದು ಆ ನಿಯಮದ ಉದ್ದೇಶ. ಅದಕ್ಕೆ ಬದಲಾಗಿ, ಹೆಸರು ತಪ್ಪಾಗಿದೆಯೆಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯನಾಮವನ್ನೂ ಅಧಿಕೃತವಾಗಿ ಸೇರಿಸಲಾಗಿದೆ. ತಿದ್ದಲಾಗದ ದೋಷವನ್ನು ಪ್ರಾಮಾಣಿಕವಾಗಿ ದಾಖಲಿಸುವ ಬಗೆಗೆ ಇದು ಒಳ್ಳೆಯ ನಿದರ್ಶನ.

ಕೊರತೆಯನ್ನು ತುಂಬಿದ ನಿದರ್ಶನವೂ ಇದೆ. ಹಳೆಯ ಬರಹ ಮತ್ತು ಮುದ್ರಣಗಳಲ್ಲಿ ಸ್ವರರಹಿತ ನಕಾರಕ್ಕೆ ಬಳಸುತ್ತಿದ್ದ ‘ನಕಾರ ಪೊಲ್ಲು’ ಎಂಬ ವಿಶಿಷ್ಟ ರೂಪಕ್ಕೆ ಯೂನಿಕೋಡಿನಲ್ಲಿ ಬಹುಕಾಲ ಸ್ಥಾನವಿರಲಿಲ್ಲ. ಹಳೆಯ ಪುಟವನ್ನು ಇದ್ದಂತೆಯೇ ಗಣಕಕ್ಕೆ ಇಳಿಸಬೇಕೆಂಬ ಸಂಪಾದಕನಿಗೆ ಇದು ಅಡ್ಡಿಯಾಗಿತ್ತು. 2021ರಲ್ಲಿ ಪ್ರಕಟವಾದ ಯೂನಿಕೋಡಿನ 14.0 ಆವೃತ್ತಿಯಲ್ಲಿ ಅದು ಸೇರಿತು. ಇಂತಹ ಸೇರ್ಪಡೆಗಳು ತಾವಾಗಿ ಆಗುವುದಿಲ್ಲ. ಯಾರಾದರೂ ಅಕ್ಷರದ ಬಳಕೆಗೆ ಪುರಾವೆಗಳನ್ನು ಒದಗಿಸಿ, ಲಿಖಿತ ಪ್ರಸ್ತಾವವನ್ನು ಸಲ್ಲಿಸಿ, ಆಕ್ಷೇಪಗಳಿಗೆ ಉತ್ತರಿಸಬೇಕಾಗುತ್ತದೆ.

ಇದಕ್ಕೆ ಪ್ರತಿಯಾಗಿ 2018ರ ಫೆಬ್ರವರಿಯಲ್ಲಿ ನಡೆದ ಒಂದು ಪ್ರಸಂಗವನ್ನು ಇರಿಸಿ ನೋಡಬಹುದು. ಒಂದು ತೆಲುಗು ಸಂಯುಕ್ತಾಕ್ಷರ ಸಂದೇಶದಲ್ಲಿ ಬಂದರೆ ಆಪಲ್ ಸಂಸ್ಥೆಯ ಫೋನುಗಳಲ್ಲಿ ತಂತ್ರಾಂಶ ಕುಸಿದು ಬೀಳುತ್ತಿತ್ತು. ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ, ಅದೇ ತಿಂಗಳ 19ರಂದು, ಪರಿಹಾರ ಬಿಡುಗಡೆಯಾಯಿತು. ತೆಲುಗನ್ನು ಓದದವರ ಫೋನನ್ನೂ ಆ ಅಕ್ಷರ ಕೆಡಿಸಬಲ್ಲದಾಗಿದ್ದುದರಿಂದ ಅದು ಎಲ್ಲರ ದೋಷವಾಯಿತು. ಆದ್ಯತೆ ತಾನಾಗಿ ಒದಗಿತು. ಆ ಲಿಪಿಯ ಓದುಗರಿಗೆ ಮಾತ್ರ ತಟ್ಟುವ ದೋಷಕ್ಕೆ ಇಂತಹ ಅದೃಷ್ಟವಿರುವುದಿಲ್ಲ. ಅದಕ್ಕೆ ಆದ್ಯತೆಯನ್ನು ಆ ಲಿಪಿಯ ಜನರೇ ಸಂಪಾದಿಸಿಕೊಡಬೇಕು. ಹಾಗೆ ಸಂಪಾದಿಸುವ ದಾರಿ ಆಕ್ರೋಶವಲ್ಲ. ಸ್ಪಷ್ಟವಾದ ವರದಿ, ಪುರಾವೆ, ಬೆನ್ನುಹಿಡಿದು ಉತ್ತರಿಸುವ ತಾಳ್ಮೆ ಮತ್ತು ಸಾಧ್ಯವಾದಲ್ಲಿ ಪರಿಹಾರವೂ ಹೌದು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ನಿನ ಸಂಗ್ರಹದಲ್ಲಿವೆ. ಅಲ್ಲಿರುವ ಬೇರಾವ ಪ್ಯಾಕೇಜಿಗೂ ಇರುವಂತೆಯೇ ಅವಕ್ಕೂ ದೋಷದ ಪುಟವುಂಟು. ಅಲ್ಲಿಗೆ ವರದಿ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಈ ದೃಷ್ಟಿಯಿಂದ ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಒಂದು ವಿಶೇಷ ಅನುಕೂಲವಿದೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳು ಕನ್ನಡಿಗರ ಹಳೆಯ ನೆಲೆಗಳೂ ಹೌದು, ತಂತ್ರಾಂಶೋದ್ಯಮದ ಕೇಂದ್ರಗಳೂ ಹೌದು. ದಿನವಿಡೀ ಬೇರೆಯವರ ತಂತ್ರಾಂಶದ ದೋಷಗಳಿಗೆ ಸಂಖ್ಯೆ ಕೊಟ್ಟು ವಿಂಗಡಿಸಬಲ್ಲವರೂ, ಹಳಗನ್ನಡದ ೞಕಾರವನ್ನು ಬಲ್ಲವರೂ ಒಂದೇ ಊರಿನ ಒಂದೇ ಕನ್ನಡ ಸಂಘದಲ್ಲಿ ಸಿಗುವುದು ಅಲ್ಲಿ ಅಸಂಭವವಲ್ಲ. ಒಬ್ಬರಿಗೆ ವರದಿಯ ರೀತಿ ಗೊತ್ತು, ಇನ್ನೊಬ್ಬರಿಗೆ ಲಿಪಿಯ ನಿಯಮ ಗೊತ್ತು. ಇವೆರಡೂ ಕೂಡಿದ ಕಡೆ ಕನ್ನಡದ ಒಂದೊಂದು ದೋಷವೂ ದೂರಿನ ಸ್ಥಿತಿಯಿಂದ ದಾಖಲೆಯ ಸ್ಥಿತಿಗೆ ಏರಬಹುದು. ಕರ್ನಾಟಕದಿಂದ ದೂರದಲ್ಲಿ ಕನ್ನಡವನ್ನು ಕಲಿಯುವ ಮಕ್ಕಳು ಪುಸ್ತಕಕ್ಕಿಂತ ಮೊದಲು ಪರದೆಯ ಮೇಲೆಯೇ ಕನ್ನಡವನ್ನು ಕಾಣುವ ಕಾಲದಲ್ಲಿ ಇದು ಭಾಷಾಸೇವೆಯ ಸಣ್ಣ ಭಾಗವೇನಲ್ಲ.

8. ಸಮಾರೋಪ

ಒಟ್ಟಿನಲ್ಲಿ ಹೇಳುವುದಾದರೆ, ತಂತ್ರಾಂಶ ತಂಡವೊಂದರ ದೋಷದಾಖಲೆಯು ಗುರುತಿಸುವಿಕೆ, ವಿವರಣೆ, ವಿಂಗಡಣೆ, ಹೊಣೆಗಾರಿಕೆ ಮತ್ತು ಇತಿಹಾಸಗಳೆಂಬ ಐದು ಕೆಲಸಗಳನ್ನು ಏಕಕಾಲಕ್ಕೆ ಮಾಡುತ್ತದೆ. ಇವುಗಳಲ್ಲಿ ವಿಂಗಡಣೆಯೇ ಅತ್ಯಂತ ಕಠಿನವಾದುದು. ಅಲ್ಲಿ ಯಂತ್ರದ ಸ್ಥಿತಿಯ ಜೊತೆಗೆ ಮನುಷ್ಯರ ಹಿತಾಹಿತಗಳನ್ನೂ ತೂಗಬೇಕಾಗುತ್ತದೆ. ಆ ತಕ್ಕಡಿಯಲ್ಲಿ ವರದಿಯಾಗದ ದೋಷಕ್ಕೆ ತೂಕವೇ ಇಲ್ಲ. ಯಾರೂ ಬರೆಯದ ತೊಂದರೆ ಪಟ್ಟಿಯಲ್ಲಿ ಇರದ ತೊಂದರೆ. ದೊಡ್ಡ ಭಾಷೆಗಳ ತೊಂದರೆಗಳನ್ನು ಅವುಗಳ ಬಳಕೆದಾರರ ಸಂಖ್ಯೆಯೇ ಹೇಳುತ್ತದೆ. ಉಳಿದ ಭಾಷೆಗಳ ತೊಂದರೆಗಳನ್ನು ಆ ಭಾಷೆಯನ್ನು ಬಲ್ಲವರು ಬರೆದೇ ಹೇಳಬೇಕು. ದೋಷಾದೋಷಗಳ ನಿರ್ಣಯದಿಂದ ತನ್ನ ಮೊದಲ ಗ್ರಂಥವನ್ನು ತೆರೆದ ಭಾಷೆಗೆ ಈ ಕೆಲಸದ ಸಂಸ್ಕಾರ ಹೊರಗಿನಿಂದ ಬರಬೇಕಾಗಿಲ್ಲ.